ಕ್ಷಯದ ವಾರ್ಡಿನಿಂದ ಬಂದ ಗುಳಿಗೆ

1952ನೇ ಇಸವಿ. ನ್ಯೂಯಾರ್ಕ್ ನಗರದ ಸ್ಟೇಟನ್ ದ್ವೀಪದಲ್ಲಿದ್ದ ಸೀ ವ್ಯೂ ಕ್ಷಯರೋಗ ಆಸ್ಪತ್ರೆಯನ್ನು ನೀವೊಮ್ಮೆ ಕಲ್ಪಿಸಿಕೊಳ್ಳಿ. ಹಾಸಿಗೆ ಬಿಟ್ಟೇಳದಿದ್ದ ರೋಗಿಗಳು ನಗುತ್ತಿದ್ದಾರೆ, ಕುಣಿಯುತ್ತಿದ್ದಾರೆ! ಅಲ್ಲಿ ಐಸೋನಿಯಜಿಡ್ ಮತ್ತು ಐಪ್ರೋನಿಯಜಿಡ್ ಎಂಬ ಹೊಸ ಔಷಧಗಳ ಪರೀಕ್ಷೆ ನಡೆದಿತ್ತು. ಶ್ವಾಸಕೋಶ ಪೂರ್ತಿ ಗುಣವಾಗುವ ಮೊದಲೇ ಐಪ್ರೋನಿಯಜಿಡ್ ಸೇವಿಸಿದವರಿಗೆ ಹಸಿವು, ಉತ್ಸಾಹ ಮರಳಿದ್ದವು. ಇದನ್ನು ಮೊದಲು ಅಡ್ಡಪರಿಣಾಮವೆಂದೇ ಎಣಿಸಲಾಯಿತು. 1957ರಲ್ಲಿ ನೇಥನ್ ಕ್ಲೈನ್ ಮತ್ತು ಸಂಗಡಿಗರು ಅದನ್ನೇ ಖಿನ್ನತೆಯ ಚಿಕಿತ್ಸೆಯಾಗಿ ಮುಂದಿಟ್ಟರು. ಯಕೃತ್ತಿಗೆ ಹಾನಿ ಮಾಡುತ್ತದೆಂದು ಆ ಔಷಧವನ್ನು ಮುಂದೆ ಕೈಬಿಟ್ಟರೂ ದಾರಿ ತೆರೆದಿತ್ತು.

ಅದೇ ಕಾಲಕ್ಕೆ ಸ್ವಿಟ್ಜರ್ಲೆಂಡಿನ ಮ್ಯೂನ್‌ಸ್ಟರ್ಲಿಂಗನ್ ಆಸ್ಪತ್ರೆಯಲ್ಲಿ ರೋಲಂಡ್ ಕೂನ್ ಎಂಬ ವೈದ್ಯರು, ಸ್ಕಿಜೋಫ್ರೇನಿಯಾಕ್ಕೆ ಪ್ರಯೋಜನವಾಗದ ಒಂದು ಔಷಧವನ್ನು 1956ರಲ್ಲಿ ಖಿನ್ನರಿಗೆ ಕೊಟ್ಟು ನೋಡಿದರು. ಅದು ಇಮಿಪ್ರಮಿನ್. (ರೋಗಿಗಳ ಒಪ್ಪಿಗೆಯನ್ನು ಸರಿಯಾಗಿ ಪಡೆಯದೆ ಅಲ್ಲಿ ಔಷಧ ಪ್ರಯೋಗಗಳು ನಡೆದದ್ದನ್ನು ಇತಿಹಾಸಕಾರರು ಈಚೆಗೆ ಬಯಲಿಗೆ ತಂದಿದ್ದಾರೆ. ಆ ಕಳಂಕವನ್ನೂ ನೀವು ತಿಳಿದಿರಬೇಕು.)

ಈ ಗುಳಿಗೆಗಳ ಒಂದು ವಿಚಿತ್ರವೆಂದರೆ, ಇಂದು ನುಂಗಿದರೆ ನಾಳೆ ಮನಸ್ಸು ಹಗುರಾಗದು. ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಮೆದುಳಿನ ಸಿರೊಟೋನಿನ್ ಮಟ್ಟ ಗಂಟೆಗಳಲ್ಲೇ ಬದಲಾಗುವಾಗ ಈ ತಡವೇಕೆ? ವಿಜ್ಞಾನ ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ನಾನು ಬಿ.ಎಸ್ಸಿ. ಓದುವಾಗ ನಮ್ಮ ಹಾಸ್ಟೆಲ್ ಕೋಣೆಯ ಗೆಳೆಯನೊಬ್ಬ ಹತ್ತೇ ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ವೈದ್ಯರನ್ನು ಕೇಳದೆ ಗುಳಿಗೆ ಬಿಟ್ಟ. ನಾವೋ, ಮಧ್ಯಾಹ್ನವೂ ಮುಸುಕೆಳೆದು ಮಲಗುತ್ತಿದ್ದವನನ್ನು ‘ಸೋಮಾರಿ’ ಎಂದು ಹಂಗಿಸಿದೆವು. ಎರಡನೇ ಸಲ ವೈದ್ಯರ ಬಾಗಿಲು ತಟ್ಟಲು ಅವನಿಗೆ ಒಂದು ವರ್ಷ ಹಿಡಿಯಿತು.

ಮಾತಿನ ಚಿಕಿತ್ಸೆಯ ಕಥೆ ಬೇರೆ. ಖಿನ್ನತೆಯೆಂದರೆ ಒಳಮುಖವಾದ ಸಿಟ್ಟು ಎಂಬ ಫ್ರಾಯ್ಡ್ ಪಂಥದ ವಾದವನ್ನು ಸಾಬೀತುಪಡಿಸಲು ಫಿಲಡೆಲ್ಫಿಯಾದ ಮನೋವೈದ್ಯ ಏರನ್ ಬೆಕ್ ರೋಗಿಗಳ ಕನಸುಗಳನ್ನು ಪರಿಶೀಲಿಸಹೊರಟರು. ಸಿಕ್ಕಿದ್ದು ಸಿಟ್ಟಲ್ಲ, ಸೋಲು. ‘ನಾನು ಯಾವುದಕ್ಕೂ ಬಾರದವನು’ ಎಂಬ ಯೋಚನೆ ತಾನಾಗಿ ನುಗ್ಗುತ್ತದೆ; ಪರೀಕ್ಷೆಯಲ್ಲಿ ಒಂದು ವಿಷಯ ಹೋದರೆ ಬದುಕೇ ಹೋಯಿತು ಎನ್ನಿಸುತ್ತದೆ. ಆ ಯೋಚನೆಯನ್ನು ಕಾಗದದ ಮೇಲಿಳಿಸಿ, ಅದಕ್ಕೆ ಸಾಕ್ಷಿ ಏನಿದೆ ಎಂದು ಚಿಕಿತ್ಸಕರೊಡನೆ ಕೂತು ತೂಗಿನೋಡುವ ಕ್ರಮವನ್ನು 1960ರ ದಶಕದಲ್ಲಿ ಅವರು ರೂಪಿಸಿದರು. ಕೇಳಲು ಸರಳ, ಮಾಡಲು ಕಷ್ಟ. 1977ರಲ್ಲಿ ಅದನ್ನು ಇಮಿಪ್ರಮಿನ್ ಎದುರು ಒರೆಗೆ ಹಚ್ಚಿದಾಗ ಅದು ಹಿಂದೆ ಬೀಳಲಿಲ್ಲ. ಖಿನ್ನತೆ ತೀವ್ರವಾಗಿದ್ದರೆ ಇಂದು ಎರಡನ್ನೂ ಜೊತೆಯಾಗಿ ಕೊಡುವುದುಂಟು.

ನಮ್ಮ ಬೆಂಗಳೂರಿಗೆ ಬರೋಣ. 19ನೇ ಶತಮಾನದಲ್ಲಿ ‘ಹುಚ್ಚಾಸ್ಪತ್ರೆ’ಯಾಗಿ ಆರಂಭವಾದ ಸಂಸ್ಥೆಯೊಂದು ಇಲ್ಲಿತ್ತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ರಾಷ್ಟ್ರೀಯ ಕೇಂದ್ರವೂ ಅದೇ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು.