ಇಸ್ತ್ರಿ ತಳದ ಕರಿ

ಇಸ್ತ್ರಿ ತಳಕ್ಕ ಹತ್ತಿದ ಕರಿ ತಗಿಯೋದು ಹೆಂಗ ಅಂತ ಯಾರರ ಕೇಳಿದ್ರ ನಾ ಮೊದಲ ಕೇಳೋದು ಒಂದ ಮಾತು: ಹತ್ತಿದ್ದು ಏನು? ಅಜ್ಜಿ ಕಾಲದಾಗ ಹತ್ತತಿದ್ದದ್ದು ಬ್ಯಾರೆ, ಅವ್ವನ ಕಾಲದಾಗ ಹತ್ತಿದ್ದು ಬ್ಯಾರೆ, ಈಗಿಂದು ಬ್ಯಾರೇನ. ಅರಿವಿ ಬದಲಾದಂಗ ಕರೀನೂ ಬದಲಾಗೇತಿ.

ನಮ್ಮ ಮುರಗೋಡ ಕಡೆ ಒಕ್ಕಲತನದ ಮನ್ಯಾಗ ಮೊದಲ ಇಸ್ತ್ರಿ ಎಲ್ಲಿತ್ತವಾ? ತಂಬಗ್ಯಾಗ ಕೆಂಡ ತುಂಬಿ, ಅರಿವೀಲೆ ಹಿಡದು, ಅಂಗಿ ಮ್ಯಾಲೆ ತೀಡೋದು. ಅದೂ ಇಲ್ಲಂದ್ರ ಮಡಚಿ ಗಾದಿ ಕೆಳಗ ಇಟ್ಟು ರಾತ್ರಿಯೆಲ್ಲಾ ಅದರ ಮ್ಯಾಲ ಮಲಗೋದು. ಕೆಂಡದ ಇಸ್ತ್ರಿ ಪೆಟಗಿ ಇರತಿದ್ದದ್ದು ಅಗಸರ ಮನ್ಯಾಗ, ಇಲ್ಲಾ ಉಳ್ಳವರ ವಾಡೇದಾಗ. ‘ಇಸ್ತ್ರಿ’ ಅನ್ನೋ ಮಾತೂ ನಮ್ಮದಲ್ಲ. ಪೋರ್ತುಗೀಸರ ‘ಎಸ್ತಿರಾರ್’, ಅಂದ್ರ ಎಳದು ಚಾಚೋದು, ಅದರಿಂದ ಬಂದದ್ದು ಅಂತಾರ. ಬೆಳಗಾವಿಯಿಂದ ಗೋವಾ ಎಷ್ಟು ದೂರ, ಘಾಟ ಇಳದ್ರ ಬಂತು.

ಆ ಪೆಟಗಿ ತಳಕ್ಕ ಹತ್ತತಿದ್ದದ್ದು ಗಂಜಿ. ನಮ್ಮ ಜಿಲ್ಲಾದಾಗ ಖಾದಿ ಹೆಂಗ ಬೆಳೀತು ನಿಮಗ ಗೊತ್ತೈತಿ. 1924ರಾಗ ಗಾಂಧೀಜಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನ ಬೆಳಗಾವ್ಯಾಗ ಆತು. ಹುದಲಿಯ ಗಂಗಾಧರರಾವ್ ದೇಶಪಾಂಡೆಯವರಿಗೆ ಕರ್ನಾಟಕದ ಖಾದಿ ಭಗೀರಥ ಅಂತಾನ ಹೆಸರು. ಖಾದಿ ಧೋತರ, ಖಾದಿ ಟೊಪಗಿ ಖಡಕ್ ನಿಂದ್ರಬೇಕಂದ್ರ ಗಂಜಿ ಹಾಕಬೇಕು. ಗಂಜಿ ಗಂಟಾಗಿತ್ತಂದ್ರ, ಅರಿವಿ ಭಾಳ ಹಸಿ ಇತ್ತಂದ್ರ, ಅದು ಕಾದ ತಳಕ್ಕ ಮೊದಲ ಅಂಟು ಆಗಿ ಹಿಡೀತೈತಿ, ಆಮ್ಯಾಲ ಸುಟ್ಟು ಕಂದು ಚಕ್ಕಿ ಆಗತೈತಿ. ಮುಂದಿನ ಬಿಳೀ ಧೋತರದ ಮ್ಯಾಲ ಆ ಚಕ್ಕಿ ಗೆರಿ ಎಳೀತಂದ್ರ ಅಗಸರಾಕಿಗೆ ಆವತ್ತಿನ ಕೂಲಿ ಹೋತಂತನ. ಧೋತರ ಮಾತ್ರ ಅಲ್ಲ, ಆ ಮನೀ ಗಿರಾಕೀನೂ ಹೋದಂಗ.

ಅದಕ್ಕ ಅವರ ಉಪಾಯ ಪಕ್ಕಾ ಇದ್ದವು. ರದ್ದಿ ಕಾಗದದ ಮ್ಯಾಲ ಉಪ್ಪು ಹರವಿ ಬಿಸಿ ಇಸ್ತ್ರಿ ನಾಕ ಸಲ ಆಡಸೋದು. ಉಪ್ಪಿನ ಹಳ್ಳು ಚಕ್ಕಿನ್ನ ಕೆರೀತೈತಿ. ಹಿತ್ತಾಳಿ ಪೆಟಗಿ ಇದ್ರ ಆರಿದ ಮ್ಯಾಲ ಹುಣಸಿಹಣ್ಣು, ಕಬ್ಬಿಣದ್ದಕ್ಕ ಇಟ್ಟಂಗಿ ಪುಡಿ. ಕಡೀಕ ಮೇಣದ ತುಂಡು ಅರಿವ್ಯಾಗ ಸುತ್ತಿ ಬಿಸಿ ತಳಕ್ಕ ಒಮ್ಮೆ ತೀಡಿ ಒರಸಿದ್ರ ಇಸ್ತ್ರಿ ಬೆಣ್ಣಿ ಮ್ಯಾಲ ಓಡಿದಂಗ ಓಡತೈತಿ. ದಪ್ಪ ಗಟ್ಟಿ ಲೋಹ ಅದು, ಎಷ್ಟ ತಿಕ್ಕಿದ್ರೂ ಏನೂ ಆಗತಿದ್ದಿಲ್ಲ.

ಕರೆಂಟಿನ ಇಸ್ತ್ರಿ ಹಳೇದ, ನ್ಯೂಯಾರ್ಕಿನ ಹೆನ್ರಿ ಸೀಲಿ ಅನ್ನಾಂವ 1882ರಾಗ ಅದರ ಪೇಟೆಂಟ್ ತಗೊಂಡ. ಆದ್ರ ನಮ್ಮ ಮನ್ಯಾಗಿನ ಕರಿ ಬದಲಾಗಿದ್ದು ಕರೆಂಟಿನಿಂದ ಅಲ್ಲ, ಟೆರಿಲಿನ್‌ದಿಂದ. ಅದನ್ನ 1941ರಾಗ ಇಂಗ್ಲಂಡಿನ ವಿನ್‌ಫೀಲ್ಡ್ ಮತ್ತ ಡಿಕ್ಸನ್ ಅನ್ನೋರು ಕಂಡಹಿಡದ್ರು. ಅವ್ವನ ಕಾಲಕ್ಕ ಟೆರಿಲಿನ್ ಅಂಗಿ, ನೈಲಾನ್ ಸೀರಿ ಅಂದ್ರ ಮದವಿ ಅರಿವಿ. ಒಗದ್ರ ಲಗೂನ ಒಣಗತಾವು, ಸುಕ್ಕ ಬೀಳೂದಿಲ್ಲ, ಹೆಣ್ಮಕ್ಕಳಿಗೆ ಅದರಷ್ಟು ಆರಾಮ ಯಾವುದಿತ್ತು ಹೇಳ್ರಿ. ಒಂದ ತ್ರಾಸು: ಹತ್ತಿ ಅರಿವಿ 200 ಡಿಗ್ರಿ ತಡೀತೈತಿ, ಇವು 150ರ ಒಳಗ ಇರಬೇಕು. ನೈಲಾನ್ ಸುಮಾರು 220ಕ್ಕ ಕರಗೇಬಿಡತೈತಿ, ಅದಕ್ಕೂ ಮೊದಲ ಮೆತ್ತಗಾಗಿ ಅಂಟತೈತಿ. ಕೆಂಡಕ್ಕ ಗುಂಡಿ ಎಲ್ಲಿ ಐತಿ ತಿರವಾಕ? ನೀರ ಚಿಮಕಿಸಿ ‘ಚುಂಯ್’ ಅಂದದ್ದ ನೋಡಿ ಬಿಸಿ ಅಳೀಬೇಕಿತ್ತು. ಹಂಗಾಗಿ ಸೀರಿಗೆ ಅಂಗೈಯಷ್ಟು ತೂತು, ಇಸ್ತ್ರಿ ತಳಕ್ಕ ಪ್ಲಾಸ್ಟಿಕ್. ಗಂಜಿ ಹಸಿ ಅರಿವಿಗೆ ನೆನೀತೈತಿ, ಪ್ಲಾಸ್ಟಿಕ್ ನೆನಿಯೂದಿಲ್ಲ.

ಈಗಿನ ಇಸ್ತ್ರಿ ತಳಕ್ಕ ಟೆಫ್ಲಾನ್ ಲೇಪ ಇರತೈತಿ. ಅದು 1938ರಾಗ ಅಮೇರಿಕಾದ ರಾಯ್ ಪ್ಲಂಕೆಟ್ ಬ್ಯಾರೆ ಏನೋ ಮಾಡಾಕ ಹೋದಾಗ ಅಚಾನಕ ಸಿಕ್ಕ ವಸ್ತು. ಲೇಪ ಇರೋತನಾ ಏನೂ ಅಷ್ಟು ಸರಳ ಅಂಟೂದಿಲ್ಲ, ಆದ್ರ ಕೂದಲೆಳಿಯಷ್ಟೂ ದಪ್ಪ ಇರೂದಿಲ್ಲ ಅದು. ನಮ್ಮ ಓಣ್ಯಾಗ ಒಬ್ಬಾಕಿ ಸೊಸಿ ತವರಿಂದ ತಂದ ಹೊಸ ಇಸ್ತ್ರಿಗೆ ಸೀರಿ ಫಾಲ್ ಕರಗಿ ಹತ್ತಿತು. ಅತ್ತಿ ತನಗ ಗೊತ್ತಿದ್ದದ್ದ ಹೇಳಿದ್ಲು, ‘ಇಟ್ಟಂಗಿ ಪುಡಿ ಹಾಕಿ ತಿಕ್ಕ’ ಅಂತ. ಸೊಸಿ ತಿಕ್ಕಿದ್ಲು. ಲೇಪ ಎದ್ದು ಈಗ ಎಲ್ಲಾ ಅರಿವೀನೂ ಹತ್ತತಾವು, ಮಾತು ಕೇಳಿದ್ದು ಮಾತ್ರ ಸೊಸಿ. ಅತ್ತಿದೂ ತಪ್ಪಲ್ರೀ, ಆಕಿ ಹೇಳಿದ್ದು ಕೆಂಡದ ಪೆಟಗಿ ಔಷಧ.

ಲೇಪದ ಇಸ್ತ್ರಿಗೆ ಹಿಂಗ ಮಾಡ್ರಿ. ಕರಗಿದ ಅರಿವಿ ಹತ್ತಿತ್ತಂದ್ರ ಸ್ವಲ್ಪ ಬೆಚ್ಚಗ ಮಾಡಿ, ಪ್ಲಗ್ ತಗದು, ಮೆತ್ತಗಾದದ್ದನ್ನ ಕಟಗಿ ಚಮಚಾಲೆ ಇಲ್ಲಾ ಐಸ್‌ಕ್ರೀಮಿನ ಕಡ್ಡೀಲೆ ಸರಸ್ರಿ. ಚಾಕು, ಕುಡಗೋಲು, ತಂತಿ ತಿಕ್ಕು ಮುಟ್ಟಬ್ಯಾಡ್ರಿ. ಗಂಜಿ ಇದ್ರ ಪೂರಾ ಆರಿದ ಮ್ಯಾಲ ಅಡಗಿ ಸೋಡಾ ನೀರಾಗ ಕಲಸಿ ಹಚ್ಚಿ, ಸ್ವಲ್ಪ ಬಿಟ್ಟು, ಮೆತ್ತನ್ನ ಹಸಿ ಅರಿವೀಲೆ ಒರಸ್ರಿ. ಉಗಿ ಇಸ್ತ್ರಿ ತೂತಿನ ಬಿಳೇದು ಬೋರಿನ ಗಡಸು ನೀರಿನ ಸುಣ್ಣ; ಅದಕ್ಕ ಹತ್ತಿಬತ್ತಿ ವಿನೆಗರಿನ್ಯಾಗ ಅದ್ದಿ ತೂತಿಗೆ ತೀಡ್ರಿ.

ಪ್ಯಾರಾಸಿಟಮಾಲ್ ಗುಳಗಿ ಬಿಸಿ ತಳಕ್ಕ ತಿಕ್ಕೋದು ಈಗ ಎಲ್ಲಾರ ಮೊಬೈಲಿನ್ಯಾಗ ಐತಿ. ಖರೇನ, ಅದು ಸುಮಾರು 169 ಡಿಗ್ರಿಗೆ ಕರಗಿ ಕರೀನ್ನ ಎಬ್ಬಸತೈತಿ. ಆದ್ರ ಹೊಗಿ ಮೂಗಿಗೆ ಹೊಡೀತೈತಿ, ಬೊಟ್ಟೂ ಸುಡತಾವು. ಲೇಪ ಇಲ್ಲದ ಹಳೇ ಇಸ್ತ್ರಿಗೆ, ಕಿಡಕಿ ತಗದು, ಗುಳಗಿ ಚಿಮಟಗೀಲೆ ಹಿಡದು ಮಾಡೋದಿದ್ರ ಮಾಡ್ರಿ. ನಾ ಅಂತೂ ಹಳೇದಕ್ಕ ಮೇಣದ ತುಂಡಾನ ಇಟಗೊಂಡೀನಿ.