ಕಡತದ ದಾರಿ

ಕಚೇರಿಯ ಫೈಲಿಗೆ ಕನ್ನಡಿಗರು ಇಂದು ಬಳಸುವ 'ಕಡತ' ಎಂಬ ಶಬ್ದವು ಮೊದಲು ಒಂದು ವಸ್ತುವಿನ ಹೆಸರಾಗಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತವು ಸಿದ್ಧವಾಗುತ್ತಿತ್ತು. ಅದರ ಕಪ್ಪು ಮೈಯ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಕಾಲಕ್ರಮದಲ್ಲಿ ವಸ್ತುವು ಮರೆಯಾಯಿತು, ಹೆಸರು ಉಳಿಯಿತು. ಬಟ್ಟೆಯ ಕಡತವು ಕಾಗದದ ಕಡತವಾಗಿ, ಕಾಗದದ್ದು ಈಗ ಗಣಕದ ತೆರೆಯ ಮೇಲಣ ಕಡತವಾಗಿ ಪರಿಣಮಿಸಿದೆ. ಆದರೆ ಈ ಮೂರು ಅವಸ್ಥೆಗಳಲ್ಲಿಯೂ ಬದಲಾಗದ ಪ್ರಶ್ನೆಯೊಂದುಂಟು: ಬರೆದುದು ಯಾರ ಕೈಯಿಂದ ಯಾರ ಕೈಗೆ, ಯಾವ ಕ್ರಮದಲ್ಲಿ, ಎಷ್ಟು ಕಾಲದೊಳಗೆ ಸಾಗಬೇಕು? ಆ ದಾರಿಯನ್ನು ಗೊತ್ತುಪಡಿಸುವವರು ಯಾರು? ದೊಡ್ಡ ಸಂಸ್ಥೆಗಳ ಸಮಸ್ತ ದಾಖಲೆಗಳನ್ನೂ ಹಿಡಿದಿಡುವ ಇಂದಿನ ಗಣಕವ್ಯವಸ್ಥೆಗಳಲ್ಲಿ 'ವರ್ಕ್‌ಫ್ಲೋ' ಎಂದು ಕರೆಯಲ್ಪಡುವ ಕಾರ್ಯಸರಣಿಯು ಈ ಹಳೆಯ ಪ್ರಶ್ನೆಗೆ ದೊರೆತ ಇತ್ತೀಚಿನ ಉತ್ತರವೇ ಹೊರತು, ಸಂಪೂರ್ಣ ಹೊಸದೊಂದು ಸಂಗತಿಯಲ್ಲ.

ಈ ಪ್ರಶ್ನೆಯ ಪ್ರಾಚೀನತೆಗೆ ಕೌಟಿಲ್ಯನ ಅರ್ಥಶಾಸ್ತ್ರವೇ ಸಾಕ್ಷಿ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚು ಹಾಕಿಸಿದ ಆ ಗ್ರಂಥದ ಎರಡನೆಯ ಅಧಿಕರಣವು 'ಅಕ್ಷಪಟಲ'ವೆಂಬ ಲೆಕ್ಕಪತ್ರಶಾಲೆಯನ್ನು ವರ್ಣಿಸುತ್ತದೆ. ಶಾಲೆಯು ಪೂರ್ವಕ್ಕೆ ಅಥವಾ ಉತ್ತರಕ್ಕೆ ಮುಖವಾಗಿರಬೇಕು. ಲೆಕ್ಕಿಗರಿಗೆ ಬೇರೆ ಬೇರೆ ಆಸನಗಳೂ ಪುಸ್ತಕಗಳಿಗೆ ನಿಯತ ಸ್ಥಾನಗಳೂ ಇರಬೇಕು. ಆಷಾಢದಲ್ಲಿ ಮುದ್ರೆಯೊತ್ತಿದ ಪುಸ್ತಕಗಳೊಡನೆ ಬಂದ ಲೆಕ್ಕಿಗರು ಪರಸ್ಪರ ಮಾತನಾಡದಂತೆ ನೋಡಿಕೊಳ್ಳಬೇಕು. ಮುಂದಿನ ಅಧ್ಯಾಯದಲ್ಲಿ ಅಪಹಾರದ ನಲವತ್ತು ಉಪಾಯಗಳನ್ನು ಎಣಿಸುವಾಗ, ಮೊದಲು ಕೈಸೇರಿದುದನ್ನು ತಡವಾಗಿ ಬರೆಯುವುದನ್ನೂ ತಡವಾಗಿ ಬಂದುದನ್ನು ಮುಂಚೆಯೇ ಬರೆಯುವುದನ್ನೂ ಆ ಪಟ್ಟಿಯ ತಲೆಯಲ್ಲಿಯೇ ಇರಿಸಿರುವುದು ಗಮನಾರ್ಹ. ಕ್ರಮವು ತಪ್ಪಿದಲ್ಲಿ ವಂಚನೆಗೆ ಬಾಗಿಲು ತೆರೆಯುವುದೆಂಬ ಅರಿವು ಅಂದೇ ಇತ್ತು.

ಕರ್ನಾಟಕದಲ್ಲಿ ಇದಕ್ಕೆ ಸಂವಾದಿಯಾದ ಪ್ರಯತ್ನವು ಚಿಕ್ಕದೇವರಾಜ ಒಡೆಯರ (೧೬೭೩-೧೭೦೪) 'ಅಠಾರಾ ಕಚೇರಿ'. ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದ ಆ ವ್ಯವಸ್ಥೆಯ ಹೆಸರು ಬಹುಕಾಲ ಬಾಳಿ, ಬೆಂಗಳೂರಿನಲ್ಲಿ ಈಗ ಉಚ್ಚನ್ಯಾಯಾಲಯವಿರುವ ಕೆಂಪು ಕಟ್ಟಡಕ್ಕೂ ಅಂಟಿಕೊಂಡಿತು. ಪುಣೆಯ ಕನ್ನಡಿಗರಿಗೆ ಇನ್ನೊಂದು ನಿದರ್ಶನವು ಅವರ ನೆರೆಯಲ್ಲಿಯೇ ಇದೆ. ಪೇಶ್ವೆಯರ ಹುಜೂರು ದಫ್ತರದಲ್ಲಿ ನಡೆಯುತ್ತಿರುವ ವ್ಯವಹಾರಕ್ಕೆ 'ಚಲತೇ ದಫ್ತರ'ವೆಂದೂ, ಮುಗಿದ ಲೆಕ್ಕಗಳನ್ನು ವಿಂಗಡಿಸಿಡುವುದಕ್ಕೆ 'ಏಕ ಬೇರೀಜ'ವೆಂದೂ ಎರಡು ಶಾಖೆಗಳಿದ್ದುವು. ಮೊದಲನೆಯ ಹೆಸರು ನಮ್ಮ 'ಚಾಲ್ತಿ' ಎಂಬ ಮಾತಿನ ಬಂಧುವೇ. ಸಾಗುತ್ತಿರುವ ಕಾಗದ ಬೇರೆ, ನೆಲೆಗೊಂಡ ಕಾಗದ ಬೇರೆ ಎಂಬ ಈ ವಿವೇಕವೇ ಇಂದಿನ ದಾಖಲೆಯ ಗಣಕವ್ಯವಸ್ಥೆಗಳ ತಳಹದಿ. ರುಮಾಲುಗಳಲ್ಲಿ ಕಟ್ಟಿದ ಆ ದಫ್ತರದಿಂದ ಗೋ. ಸ. ಸರದೇಸಾಯಿಯವರು ೧೯೩೦ರ ದಶಕದ ಆದಿಯಲ್ಲಿ ೪೫ ಸಂಪುಟಗಳನ್ನು ಆಯ್ದು ಪ್ರಕಟಿಸಲು ಸಾಧ್ಯವಾದುದು ಕಾರಕೂನರ ಕ್ರಮನಿಷ್ಠೆಯ ಫಲವೆಂದರೆ ತಪ್ಪಾಗದು.

ಇಂಗ್ಲಿಷರ ಆಡಳಿತದಲ್ಲಿ ಕಡತದ ದಾರಿಗೆ ಲಿಖಿತ ನಿಯಮಗಳು ಹುಟ್ಟಿದುವು. ಮದರಾಸು ಪ್ರಾಂತದಲ್ಲಿ ಟಾಟನ್‌ಹ್ಯಾಮ್ ಎಂಬ ಅಧಿಕಾರಿಯ ಹೆಸರಿನಿಂದ ಪ್ರಸಿದ್ಧವಾದ ಕಚೇರಿಪದ್ಧತಿಯು ಅವುಗಳಲ್ಲೊಂದು. ಪ್ರತಿಯೊಬ್ಬ ಗುಮಾಸ್ತನೂ ತನ್ನ ಕೈಸೇರಿದ ಕಾಗದಗಳನ್ನು ತನ್ನದೇ ಆದ ವಹಿಯಲ್ಲಿ ದಾಖಲಿಸಿ, ಅವು ಯಾವ ಹಂತದಲ್ಲಿವೆಯೆಂದು ತೋರಿಸಬೇಕಾಗಿತ್ತು. ಮೇಲಧಿಕಾರಿಯು ಆ ವಹಿಯನ್ನು ಆಗಾಗ ತನಿಖೆ ಮಾಡುತ್ತಿದ್ದನು. ಕೆಳಗಿನವನು ಟಿಪ್ಪಣಿ ಬರೆಯುವುದು, ಮೇಲಿನವನು ಷರಾ ಹಾಕುವುದು, ಆವಕ ಜಾವಕಗಳಲ್ಲಿ ಅಂಕೆ ನಮೂದಿಸುವುದು, ಇವೆಲ್ಲ ಸೇರಿ ಕಾಗದದ ಚಲನೆಗೇ ಒಂದು ಚರಿತ್ರೆಯನ್ನು ಒದಗಿಸುತ್ತಿದ್ದುವು.

ಈ ಚಲನೆಯನ್ನು ಯಂತ್ರಕ್ಕೆ ಒಪ್ಪಿಸುವ ವಿಚಾರವು ಅಮೆರಿಕದಲ್ಲಿ ಬೆಳೆಯಿತು. ಗಿಲ್‌ಬ್ರೆತ್ ದಂಪತಿಗಳು ೧೯೨೧ರಲ್ಲಿಯೇ ಕೆಲಸದ ಹಂತಗಳನ್ನು ಚಿಹ್ನೆಗಳಿಂದ ಚಿತ್ರಿಸುವ ಕ್ರಮವನ್ನು ಇಂಜಿನಿಯರುಗಳ ಮುಂದಿಟ್ಟಿದ್ದರು. ೧೯೭೭ರಲ್ಲಿ ಮೈಕೆಲ್ ಜಿಸ್ಮನ್ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧವು ಕಚೇರಿಯ ಕಾರ್ಯವಿಧಾನಗಳನ್ನು ಗಣಕಕ್ಕೆ ಅರ್ಥವಾಗುವಂತೆ ನಿರೂಪಿಸುವ ಬಗೆಯನ್ನು ವಿವೇಚಿಸಿತು. ಅದಕ್ಕೆ ಆಧಾರವಾದುದು ಜರ್ಮನಿಯ ಕಾರ್ಲ್ ಆಡಮ್ ಪೆಟ್ರಿ ೧೯೬೨ರ ತನ್ನ ಪ್ರಬಂಧದಲ್ಲಿ ನಿರೂಪಿಸಿದ ಜಾಲಗಣಿತ. ಅದೇ ದಶಕದ ಕೊನೆಯಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾಲಯದಲ್ಲಿ ಎಲ್ಲಿಸ್ ಮತ್ತು ನಟ್ ಎಂಬವರು ಇಂತಹ ಪ್ರಯೋಗಗಳನ್ನೇ ನಡೆಸಿದರು. ೧೯೮೨ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾದ ಫೈಲ್‌ನೆಟ್ ಸಂಸ್ಥೆಯು ಕಾಗದದ ಬಿಂಬಗಳನ್ನು ತಟ್ಟೆಗಳಲ್ಲಿ ಸಂಗ್ರಹಿಸಿ, ಮೇಜಿನಿಂದ ಮೇಜಿಗೆ ಕಳಿಸುವ ವ್ಯವಸ್ಥೆಯನ್ನು ಮಾರಾಟಕ್ಕೆ ತಂದಿತು. ೧೯೯೦ರಲ್ಲಿ ಡಾಕ್ಯುಮೆಂಟಮ್, ೨೦೦೧ರಲ್ಲಿ ಷೇರ್‌ಪಾಯಿಂಟ್, ೨೦೦೫ರಲ್ಲಿ ಆಲ್ಫ್ರೆಸ್ಕೊ ಹುಟ್ಟಿದುವು. ೨೦೦೪ರಲ್ಲಿ ಮೊದಲ ರೂಪ ತಾಳಿದ ಬಿಪಿಎಂಎನ್ ಎಂಬ ಚಿಹ್ನಾಲಿಪಿಯು ದಾರಿಗಳನ್ನು ಬರೆಯಲು ಒಂದು ಸಾಮಾನ್ಯ ಭಾಷೆಯನ್ನು ಒದಗಿಸಿತು.

ಇಂತಹ ದಾರಿಯೊಂದನ್ನು ಕಟ್ಟುವ ಬಗೆ ಹೇಗೆ? ಬ್ಯಾಂಕಿಗೆ ಬಂದ ಸಾಲದ ಅರ್ಜಿಯನ್ನೇ ತೆಗೆದುಕೊಳ್ಳಬಹುದು. ಮೊದಲು ಅರ್ಜಿಯ ಅವಸ್ಥೆಗಳನ್ನು ಹೆಸರಿಸಬೇಕು: ಸ್ವೀಕೃತ, ಪರಿಶೀಲಿತ, ಮಂಜೂರು, ತಿರಸ್ಕೃತ. ಬಳಿಕ ಒಂದು ಅವಸ್ಥೆಯಿಂದ ಇನ್ನೊಂದಕ್ಕೆ ದಾಟಿಸುವ ಅಧಿಕಾರ ಯಾವ ಹುದ್ದೆಯದೆಂದು ಗೊತ್ತುಪಡಿಸಬೇಕು. ವ್ಯಕ್ತಿಯನ್ನು ಹೆಸರಿಸಿದರೆ ಆತನ ವರ್ಗಾವಣೆಯೊಡನೆ ದಾರಿಯೂ ಕಡಿಯುತ್ತದೆ. ಮೊತ್ತವು ಶಾಖೆಯ ವ್ಯವಸ್ಥಾಪಕನ ಅಧಿಕಾರಮಿತಿಯನ್ನು ಮೀರಿದಲ್ಲಿ ಅರ್ಜಿಯು ತಾನಾಗಿಯೇ ಪ್ರಾದೇಶಿಕ ಕಚೇರಿಗೆ ಹೋಗುವಂತೆ ನಿಬಂಧನೆ ಬರೆಯಬೇಕು. ನಿಗದಿಯಾದ ದಿನಗಳೊಳಗೆ ತೀರ್ಮಾನವಾಗದಿದ್ದರೆ ಮೇಲಿನವರಿಗೆ ಸೂಚನೆ ಹೋಗಬೇಕು. ನಮೂದಿಸುವವನು ಬೇರೆ, ಸರಿನೋಡುವವನು ಬೇರೆ ಎಂಬ ಲೆಡ್ಜರಿನ ಕಾಲದ ನಿಯಮವನ್ನು ಯಂತ್ರವೇ ಪಾಲಿಸುವಂತಿರಬೇಕು. ಪ್ರತಿಯೊಂದು ಹೆಜ್ಜೆಯೂ ಹೆಸರು ವೇಳೆಗಳೊಡನೆ ಅಳಿಸಲಾಗದಂತೆ ದಾಖಲಾಗಬೇಕು. ಇಷ್ಟನ್ನು ಬರೆಯುವುದು ಪರಿಣತರಿಗೆ ಕಷ್ಟವಲ್ಲ. ನಿಜವಾದ ಕಷ್ಟವಿರುವುದು ಯಾವ ನಿಬಂಧನೆಗೂ ಒಗ್ಗದ ಅರ್ಜಿಯ ವಿಷಯದಲ್ಲಿ.

ಈ ಕಷ್ಟವನ್ನು ಮೊದಲೇ ಕಂಡವರಲ್ಲಿ ಲೂಸಿ ಸುಚ್‌ಮನ್ ಪ್ರಮುಖರು. ಪಾಲೊ ಆಲ್ಟೊದ ಅದೇ ಸಂಶೋಧನಾಲಯದಲ್ಲಿದ್ದ ಈ ವಿದುಷಿ ೧೯೮೩ರ ತಮ್ಮ ಲೇಖನವೊಂದರಲ್ಲಿ ಲೆಕ್ಕದ ಕಚೇರಿಯೊಂದರ ನಿತ್ಯದ ಕೆಲಸವನ್ನು ಸೂಕ್ಷ್ಮವಾಗಿ ಪರೀಕ್ಷಿಸಿದರು. ಕಾಗದ ತಪ್ಪಿಹೋದ ಪಾವತಿಯೊಂದನ್ನು ಅಲ್ಲಿಯವರು ಕೂಡಿ ಆಲೋಚಿಸಿ, ತುಂಡುಗಳನ್ನು ಜೋಡಿಸಿ ಕ್ರಮಕ್ಕೆ ತಂದ ಬಗೆಯನ್ನು ತೋರಿಸಿದರು. ಕ್ರಮಬದ್ಧವಾದ ದಾಖಲೆಯು ಇಂತಹ ವಿವೇಚನೆಯ ಫಲವೇ ಹೊರತು, ನಿಯಮವು ತನ್ನಷ್ಟಕ್ಕೆ ಹೆತ್ತ ಕೂಸಲ್ಲವೆಂಬುದು ಅವರ ಪ್ರತಿಪಾದನೆಯ ಸಾರ.

ಹಾಗೆಂದು ಯಂತ್ರದ ದಾರಿಯನ್ನು ಹಳಿಯುವುದು ನ್ಯಾಯವಲ್ಲ. ಇದಕ್ಕೆ ಕರ್ನಾಟಕವೇ ಉತ್ತಮ ನಿದರ್ಶನವನ್ನು ಒದಗಿಸಿದೆ. ೨೦೦೦ದ ಹೊತ್ತಿಗೆ ರೂಪುಗೊಂಡ 'ಭೂಮಿ' ಯೋಜನೆಯಲ್ಲಿ ಸುಮಾರು ೬೭ ಲಕ್ಷ ಮಾಲೀಕರಿಗೆ ಸಂಬಂಧಿಸಿದ ಸುಮಾರು ೨ ಕೋಟಿ ಪಹಣಿಗಳು ಗಣಕವನ್ನು ಸೇರಿದುವು. ಅದುವರೆಗೆ ಅವು ಸುಮಾರು ೯೦೦೦ ಗ್ರಾಮಲೆಕ್ಕಿಗರ ವಶದಲ್ಲಿದ್ದುವು. ಖಾತೆ ಬದಲಾವಣೆಯ ಅರ್ಜಿಯನ್ನು ನಮೂದಿಸಿದೊಡನೆ ಅದಕ್ಕೊಂದು ಸರದಿ ದೊರೆಯುತ್ತಿತ್ತು. ನೋಟೀಸು ಹೊರಟು ೩೦ ದಿನಗಳ ಅವಧಿ ಕಳೆದ ಮೇಲೆ, ತಕರಾರಿಲ್ಲದಿದ್ದರೆ ಆದೇಶವಾಗುತ್ತಿತ್ತು. ಆದೇಶದ ಬಿಂಬವೂ ಗಣಕದಲ್ಲಿ ಸೇರುತ್ತಿತ್ತು. ಅಧಿಕಾರಿಯು ಬೆರಳಚ್ಚು ಕೊಟ್ಟೇ ಒಳಹೋಗಬೇಕಾಗಿದ್ದುದರಿಂದ, ಬದಲಾವಣೆಗೆ ತಾನು ಹೊಣೆಯಲ್ಲವೆನ್ನುವಂತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲು ಬಂದ ಅರ್ಜಿಯನ್ನು ಬಿಟ್ಟು ಅನಂತರದ್ದನ್ನು ಎತ್ತಿಕೊಳ್ಳಲು ವ್ಯವಸ್ಥೆಯು ಅವಕಾಶ ಕೊಡುತ್ತಿರಲಿಲ್ಲ. ಕೌಟಿಲ್ಯನು ಪಟ್ಟಿಯ ತಲೆಯಲ್ಲಿರಿಸಿದ ಕ್ರಮಭಂಗಕ್ಕೆ ಕನ್ನಡನಾಡಿನ ತಾಲ್ಲೂಕು ಕಚೇರಿಯಲ್ಲಿ ಬಿದ್ದ ಬೀಗವಿದು. ೨೦೧೨ರ ಏಪ್ರಿಲಿನಲ್ಲಿ ಆರಂಭವಾದ 'ಸಕಾಲ'ವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗೊತ್ತಾದ ಅವಧಿ ಮೀರಿದರೆ ದಿನಕ್ಕೆ ೨೦ ರೂಪಾಯಿಯಂತೆ ೫೦೦ ರೂಪಾಯಿಯವರೆಗೆ ಪರಿಹಾರವನ್ನು ಕೊಡುವ ಕಾನೂನಿನ ಬಲವನ್ನು ಪಡೆಯಿತು.

ಆದರೂ ಎರಡು ಅಪಾಯಗಳನ್ನು ಇತಿಹಾಸವು ಸೂಚಿಸುತ್ತದೆ. ಮೊದಲನೆಯದು ದಾರಿಯ ಅಲ್ಪಾಯುಷ್ಯ. ಮೈಕ್ರೋಸಾಫ್ಟ್ ಸಂಸ್ಥೆಯು ಷೇರ್‌ಪಾಯಿಂಟಿನ ೨೦೧೦ರ ಕಾರ್ಯಸರಣಿಗಳನ್ನು ತನ್ನ ಅಂತರ್ಜಾಲ ಸೇವೆಯಲ್ಲಿ ೨೦೨೦ರಲ್ಲಿ ನಿಲ್ಲಿಸಿದಾಗ, ಅವನ್ನೇ ನಂಬಿದ್ದ ಕಚೇರಿಗಳು ತಮ್ಮ ದಾರಿಗಳನ್ನು ಮತ್ತೆ ಕಟ್ಟಬೇಕಾಯಿತು. ಒಂದು ಹೆಜ್ಜೆಯನ್ನು ಏಕೆ ಇಡಲಾಗಿತ್ತೆಂಬ ಕಾರಣವನ್ನು ಬರೆದಿಡದಿದ್ದಲ್ಲಿ, ಹೆಜ್ಜೆಯೊಡನೆ ಕಾರಣವೂ ಅಳಿದಂತೆಯೇ. ಎರಡನೆಯದು ಇದಕ್ಕಿಂತ ಗಹನವಾದುದು. ಹಿಂದೆ ಕಾರಕೂನನು ಒಂದು ಕಾಗದವನ್ನು ತಡೆದರೆ, ಅವನ ಹೆಸರೂ ಷರಾವೂ ಕಡತದಲ್ಲಿಯೇ ಇರುತ್ತಿದ್ದುವು. ನೊಂದವನು ಅವನೆದುರು ನಿಂತು ಕೇಳಬಹುದಾಗಿತ್ತು. ಇಂದು ತಡೆಯುವುದು ನಿಬಂಧನೆ. ಅದನ್ನು ಬರೆದವನು ಬೇರೊಂದು ಊರಿನಲ್ಲಿರಬಹುದು, ಕೆಲಸವನ್ನೇ ಬಿಟ್ಟಿರಬಹುದು. ಮುಂದೆ ಕುಳಿತ ನೌಕರನು 'ಗಣಕವು ಒಪ್ಪುವುದಿಲ್ಲ' ಎನ್ನುವನು. ಅವನ ಮಾತು ಸುಳ್ಳೂ ಅಲ್ಲ, ಉತ್ತರವೂ ಅಲ್ಲ. ಗುಮಾಸ್ತನ ವಿವೇಚನೆಯು ನಾಶವಾಗಿಲ್ಲ. ದಾರಿಯನ್ನು ಬರೆಯುವವನ ಕೈಗೆ, ಕಣ್ಣಿಗೆ ಕಾಣದ ಎಡೆಗೆ, ವರ್ಗವಾಗಿದೆ ಅಷ್ಟೆ.

ಆದುದರಿಂದ ಕಾರ್ಯಸರಣಿಯನ್ನು ಕಟ್ಟುವವರು ದಫ್ತರದ ಹಳೆಯ ಶಿಸ್ತನ್ನು ತಮ್ಮ ಕೆಲಸಕ್ಕೂ ಅನ್ವಯಿಸಿಕೊಳ್ಳುವುದು ಯುಕ್ತ. ಪ್ರತಿಯೊಂದು ನಿಬಂಧನೆಗೂ ಅದನ್ನು ಬರೆದವರ ಹೆಸರು, ದಿನಾಂಕ, ಕಾರಣಗಳಿರಬೇಕು. ನಿಯಮಕ್ಕೆ ಒಗ್ಗದ ಪ್ರಕರಣವನ್ನು ವಿವೇಕಿಯಾದ ಮನುಷ್ಯನೊಬ್ಬನ ಮುಂದಿಡುವ ಕವಲುದಾರಿ ಇರಬೇಕು. ಅವನು ಕೊಟ್ಟ ತೀರ್ಮಾನವೂ ಕಾರಣಸಹಿತವಾಗಿ ದಾಖಲಾಗಬೇಕು. ಅಂದರೆ, ಕಡತವು ಸಾಗುವ ದಾರಿಗೂ ಒಂದು ಕಡತವಿರಬೇಕು. ಬಳಪದಿಂದ ಬರೆದ ಕಪ್ಪು ಬಟ್ಟೆಯ ಕಡತವನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಆದರೆ ಒರಸಿದವನು ಯಾರೆಂಬುದು ಊರಿಗೆ ಗೊತ್ತಿರುತ್ತಿತ್ತು. ಗಣಕದ ಕಡತದಲ್ಲಿಯೂ ಅಷ್ಟು ಉಳಿದುಬಂದರೆ, ಹಳೆಯ ಶಬ್ದವನ್ನು ಹೊಸ ವಸ್ತುವಿಗೆ ಇಟ್ಟುದು ಸಾರ್ಥಕವಾಗುತ್ತದೆ.