ದಾನಿಯೇಲಪ್ಪ ಎಂಬ ಹೆಸರಿನಲ್ಲಿ ಉಳಿದ ‘ಅಪ್ಪ’

ಅಗಡಿ, ಬ್ಯಾಡಗಿ, ರಾಣೆಬೆನ್ನೂರುಗಳ ಸೀಮೆಯಲ್ಲಿ ಊರೇ ಮನೆತನದ ಹೆಸರಾಗುವುದುಂಟು. ಅಗಡಿಯನ್ನು ಬಿಟ್ಟು ತಲೆಮಾರುಗಳು ಕಳೆದರೂ ಆ ಮನೆಯವರು ಅಗಡಿಯವರೇ. ವ್ಯಕ್ತಿಯ ಹೆಸರಿಗೆ ಅಪ್ಪ ಅಥವಾ ಅವ್ವ ಎಂಬ ಪದವು ಅಂಟಿಕೊಳ್ಳುತ್ತದೆ. ಈ ರೂಢಿಯೊಳಗೆ ಬೈಬಲಿನ ಹೆಸರುಗಳು ಬಂದಾಗ ಏನಾಯಿತು? ವಂಶಾವಳಿಯನ್ನು ಹುಡುಕುವವನು ಮೊದಲು ನಗುವುದು ಇಲ್ಲಿಯೇ. ನಗು ಮುಗಿದ ಮೇಲೆ ಆಲೋಚಿಸಬೇಕಾಗುತ್ತದೆ.

ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದರು. ಆ ಧಾರವಾಡದಲ್ಲಿ 1881ರಲ್ಲಿ ಜನಿಸಿದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಅವರ ತಂದೆಯ ಹೆಸರು ದಾನಿಯೇಲಪ್ಪ, ತಾಯಿಯ ಹೆಸರು ಸುಭಕ್ತವ್ವ.

ಕರಾವಳಿಯಲ್ಲಿ ನಡೆದುದು ಬೇರೆ. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದ ಆನಂದರಾವ್ ಕೌಂಡಿನ್ಯರು ತಮ್ಮ ಗುರು ಹೆರ್ಮನ್ ಮೋಗ್ಲಿಂಗರ ಹೆಸರನ್ನು ಧರಿಸಿ ಹೆರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿದರು. ಅಲ್ಲಿ ಎರಡು ಹೆಸರುಗಳು ಅಕ್ಕಪಕ್ಕದಲ್ಲಿ ನಿಂತಿವೆ. ದಾನಿಯೇಲಪ್ಪನಲ್ಲಿ ಅವು ಬೆಸೆದುಹೋಗಿವೆ. ಬಾಬೆಲಿನ ಅರಮನೆಯ ಅಧಿಕಾರಿಯು ದಾನಿಯೇಲನಿಗೆ ಬೇರೊಂದು ಹೆಸರಿಟ್ಟನೆಂದು ಆ ಪ್ರವಾದಿಯ ಗ್ರಂಥದ ಮೊದಲನೆಯ ಅಧ್ಯಾಯ ಹೇಳುತ್ತದೆ. ಆ ಹೆಸರು ಅವನ ಸ್ವಂತ ಹೆಸರನ್ನು ಅಳಿಸಲು ಬಂದದ್ದು. ಧಾರವಾಡಕ್ಕೆ ಬಂದ ಇಬ್ರಿಯ ಹೆಸರಾದರೋ ಇಲ್ಲಿಯ ‘ಅಪ್ಪ’ನನ್ನು ಅಳಿಸಲಿಲ್ಲ, ಅವನನ್ನು ಆಶ್ರಯಿಸಿತು.

ಸುಭಕ್ತವ್ವ ಎಂಬುದು ಇನ್ನೂ ವಿಶೇಷ. ಅದು ಬೈಬಲಿನ ವ್ಯಕ್ತಿನಾಮವಲ್ಲ. ಭಕ್ತಿಯೆಂಬುದು ಶರಣರ ಮಾತು. ಕನ್ನಡ ಬೈಬಲೂ ಅದನ್ನೇ ಕೈಗೆತ್ತಿಕೊಂಡಿತು.

ಈ ದಂಪತಿಗಳ ಮಗನ ಹೆಸರು ಮತ್ತೆ ಚನ್ನಪ್ಪ! ಲಿಂಗಾಯತರ ಮನೆಗಳಲ್ಲಿ ದಿನಬಳಕೆಯ ಆ ಹೆಸರಿನಿಂದಲೇ ಅವರು ಸಭಾಪಾಲಕರಾದರು, 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಪ್ರಕಟಿಸಿದರು, 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದರು. ಸರ್ವಜ್ಞನ ಜನ್ಮಸ್ಥಳವೆಂದು ಐತಿಹ್ಯವು ಹೇಳುವ ಅಬಲೂರು ಇರುವುದು ಅಗಡಿಯಿರುವ ಹಾವೇರಿ ಜಿಲ್ಲೆಯಲ್ಲಿಯೇ.

ಇಂಥ ಹೆಸರುಗಳನ್ನು ‘ತಿದ್ದಿ’ ದಾನಿಯೇಲ, ಡೇನಿಯಲ್ ಎಂದು ಬರೆಯುವ ಚಟ ಇಂದಿನ ವಂಶವೃಕ್ಷಕಾರರಲ್ಲಿದೆ. ನಾನೂ ಒಮ್ಮೆ ಹಾಗೆ ಬರೆದವನೇ. ಮಿಶನರಿಯು ಕೊಟ್ಟದ್ದನ್ನು ಉಳಿಸಿಕೊಂಡು ಊರು ಸೇರಿಸಿದ್ದನ್ನು ಬಿಟ್ಟುಬಿಟ್ಟರೆ, ಆ ಮನೆಯವರು ಕ್ರಿಸ್ತನನ್ನು ಯಾವ ಭಾಷೆಯಲ್ಲಿ ಅಂಗೀಕರಿಸಿದರೆಂಬ ಸಾಕ್ಷಿಯೇ ಹೋಗುತ್ತದೆ. ನನ್ನ ಪ್ರತಿಯಲ್ಲಿ ‘ಅಪ್ಪ’ನನ್ನು ಈಗ ಮರಳಿ ಸೇರಿಸಿದ್ದೇನೆ.